ದಾರ ಕಟ್ಟಿದ ಕೊನೆಯ ಅಧ್ಯಾಯ

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಚಳಿಗಾಲದಲ್ಲಿ ಓದುಗರು ಬರುವುದೇ ಕಡಿಮೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಮುಗಿಯುತ್ತಿದ್ದಂತೆ ಅರೇಬಿಕಾ ಕಾಫಿಯ ಕೊಯ್ಲು ಬಿರುಸಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ದೊಡ್ಡವರು ತೋಟದಲ್ಲೋ ಕಣದಲ್ಲೋ ಇರುತ್ತಾರೆ. ಈ ತಿಂಗಳುಗಳಿಗೆಂದೇ ಓದಿನ ಕಾರ್ಯಕ್ರಮ ಮಾಡಲು ಹೊರಟಾಗ ನಾನು ಪತ್ತೇದಾರಿ ಕಾದಂಬರಿಗಳನ್ನು ಆರಿಸಿಕೊಂಡೆ, ಏಕೆಂದರೆ ನಮ್ಮ ಕಪಾಟಿನಲ್ಲಿ ಅತಿ ಹೆಚ್ಚು ಸವೆದವು ಅವೇ. ಅಂಥ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಕೇಳಿಕೊಂಡು ಇಂದಿಗೂ ಅಜ್ಜಂದಿರು ಬರುತ್ತಾರೆ. ಮೊದಲ ವರ್ಷ ಸಂಜೆ ಐದಕ್ಕೆ ಸೇರಿಸಿ ತಪ್ಪು ಮಾಡಿದೆ. ಆ ಚಳಿಗೆ ಬಂದವರು ನಾಲ್ವರು. ಮರುವರ್ಷ ಭಾನುವಾರ ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲೇ ಚಾಪೆ ಹಾಸಿದೆ.

ಹಳೆಯ ಪುಸ್ತಕಗಳಿಗೆ ಒಂದು ರೋಗವಿತ್ತು. ಹಿಂದೆ ಓದಿದ ಯಾರೋ ಪುಣ್ಯಾತ್ಮರು ಮೂರನೇ ಪುಟದಲ್ಲೇ ಒಂದು ಹೆಸರಿನ ಕೆಳಗೆ ಗೆರೆ ಎಳೆದು ‘ಇವನೇ ಕೊಲೆಗಾರ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಿದ್ದರು. ರಬ್ಬರಿನಿಂದ ಅಳಿಸಿದರೂ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರಗಳ ಅಚ್ಚು ಕಾಣುತ್ತದೆಂದು ಎಂಟನೇ ತರಗತಿಯ ಹುಡುಗನೊಬ್ಬ ತೋರಿಸಿಕೊಟ್ಟ ಮೇಲೆ ಅಂಥ ಆರು ಪುಸ್ತಕಗಳನ್ನು ಬದಿಗಿಟ್ಟೆ. ಉಳಿದವುಗಳ ಕೊನೆಯ ಅಧ್ಯಾಯಕ್ಕೆ ಖಾಕಿ ಕಾಗದ ಸುತ್ತಿ ದಾರ ಕಟ್ಟಿದೆ. ಯಾರ ಮೇಲೆ ಸಂಶಯ, ಯಾವ ಪುಟದ ಯಾವ ಮಾತಿನಿಂದ ಆ ಸಂಶಯ ಹುಟ್ಟಿತು ಎಂಬುದನ್ನು ‘ಮಹಜರು’ ಎಂದು ಹೆಸರಿಟ್ಟ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದವರಿಗೆ ಮಾತ್ರ ದಾರ ಬಿಚ್ಚಿಕೊಡುತ್ತಿದ್ದೆ. ಸರಿಯುತ್ತರಕ್ಕೆ ಬಹುಮಾನ ಇಡಲಿಲ್ಲ. ಇಟ್ಟಿದ್ದರೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿ ಬರೆಯುತ್ತಿದ್ದರೇ ಹೊರತು ಪುಟ ಹುಡುಕಲು ಹಿಂದಕ್ಕೆ ಹೋಗಿ ಓದುತ್ತಿರಲಿಲ್ಲ.

‘ಮನೆಯಲ್ಲಿ ಕೋವಿ ಸಿಕ್ಕಿತೆಂದು ಅಳಿಯನನ್ನು ಹಿಡಿದದ್ದು ಸರಿಯಲ್ಲ, ಕೋವಿ ಇಲ್ಲದ ಮನೆ ಯಾವುದು?’ ಎಂದು ಅಜ್ಜರೊಬ್ಬರು ಬರೆದಿದ್ದರು. ಕೋವಿಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ ಕಾದಂಬರಿಕಾರನ ದೊಡ್ಡ ಸುಳಿವು ಸುಳಿವೇ ಆಗಲಿಲ್ಲ.

ಕಾನೂನಿನ ವಿಷಯಕ್ಕೆ ಒಂದು ಭಾನುವಾರ ವಕೀಲರೊಬ್ಬರನ್ನು ಕರೆದಿದ್ದೆ. ಕಾದಂಬರಿಗಳಲ್ಲಿ ಕೊಲೆಗೆ ಬರುವ ಸೆಕ್ಷನ್ 302, ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ರಿಂದ 103 ಆಗಿದೆ ಎಂಬುದನ್ನು ಮಕ್ಕಳು ಬೇಗ ಬರೆದುಕೊಂಡರು. ಆದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ, 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಕಾಯ್ದೆಯಲ್ಲೂ ಉಳಿದಿದೆ ಎಂದಾಗ ಗದ್ದಲವೆದ್ದಿತು, ಏಕೆಂದರೆ ನಾವು ಓದಿದ ಅರ್ಧದಷ್ಟು ಕಥೆಗಳು ಇನ್ಸ್‌ಪೆಕ್ಟರ ಎದುರಿನ ತಪ್ಪೊಪ್ಪಿಗೆಯಲ್ಲೇ ಮುಗಿದಿದ್ದವು.

ಬೆರಳಚ್ಚಿನ ದಿನಕ್ಕೆ ಖರ್ಚೇ ಇರಲಿಲ್ಲ. ಪುಸ್ತಕಕ್ಕೆ ದಿನಾಂಕ ಒತ್ತುವ ಸ್ಟ್ಯಾಂಪ್ ಪ್ಯಾಡ್ ಸಾಕಾಯಿತು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ತೆರೆಯಿತೆಂದು ಹೇಳಿ, ಸುರುಳಿ, ಕುಣಿಕೆ, ಕಮಾನು ಎಂಬ ಮೂರು ಬಗೆಗಳನ್ನು ಭೂತಗನ್ನಡಿಯಲ್ಲಿ ನೋಡಿಸಿದೆ. ಮಗಳನ್ನು ಕರೆದೊಯ್ಯಲು ಬಂದ ತೋಟದ ಕೆಲಸದ ತಾಯಿಯೊಬ್ಬರು ತಾವೂ ಹೆಬ್ಬೆರಳು ಒತ್ತಿದರು. ಕಾಫಿ ಹಣ್ಣು ಬಿಡಿಸಿ ಬಿಡಿಸಿ ಸವೆದ ಆ ಬೆರಳಿನಿಂದ ಗೆರೆಯೇ ಇಲ್ಲದ ನೀಲಿ ಮಚ್ಚೆಯೊಂದು ಮೂಡಿತು. “ರೇಷನ್ ಅಂಗಡಿಯ ಮಿಷನ್ನಿಗೂ ಇದು ಸಿಗುವುದಿಲ್ಲ ಮೇಡಂ. ಹಾಗಾದರೆ ನಾನು ಕದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?” ಎಂದು ನಕ್ಕರು. ಮುಂದಿನ ವಾರ ಮಗಳಿಂದ ರಾತ್ರಿ ಓದಿಸಿಕೊಂಡ ಕಾದಂಬರಿಯೊಂದಿಗೆ ಬಂದು, ತಮ್ಮ ಸಂಶಯವನ್ನು ಮಗಳ ಕೈಯಲ್ಲಿ ಮಹಜರಿಗೆ ಬರೆಸಿ, ಸಹಿಯ ಜಾಗದಲ್ಲಿ ಅದೇ ಹೆಬ್ಬೆಟ್ಟು ಒತ್ತಿದರು. ನಿಯಮದಂತೆ ದಾರ ಬಿಚ್ಚಿಕೊಟ್ಟೆ.