ನನ್ನ ಎಂಜಿಬಿಯ ಹಿಂಭಾಗ ಇಳಿಸಿದ್ದು ಹೀಗೆ

ಇಂಗ್ಲೆಂಡಿನಲ್ಲಿ ನಾನು ಕೊಂಡ 1978ರ ಎಂಜಿಬಿ ರೋಡ್‌ಸ್ಟರ್ (ಛಾವಣಿ ತೆರೆಯುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಹಿಂಭಾಗದಲ್ಲಿ ಎತ್ತಿಕೊಂಡು ನಿಂತಿತ್ತು. ತಿರುವಿನಲ್ಲಿ ಜಾಸ್ತಿ ವಾಲುತ್ತಿತ್ತು. 1974ರಲ್ಲಿ ಅಮೆರಿಕದ ನಿಯಮಕ್ಕೆ ಹೊಂದಿಸಲು ಈ ಮಾದರಿಗೆ ರಬ್ಬರ್ ಬಂಪರ್ ಹಾಕಿ, ಒಂದು-ಒಂದೂವರೆ ಇಂಚು ಎತ್ತರಿಸಿದ್ದರು. ಅದನ್ನು ಇಳಿಸಬೇಕಿತ್ತು.

ಹಿಂದಿನ ಪಟ್ಟಿ ಸ್ಪ್ರಿಂಗಿಗೂ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಆ್ಯಕ್ಸಲ್ಲಿಗೂ ನಡುವೆ ಬ್ಲಾಕ್, ಅಂದರೆ ಒಂದು ಲೋಹದ ತುಂಡು, ಇಟ್ಟರೆ ಅಗ್ಗದಲ್ಲಿ ಮುಗಿಯುತ್ತದೆ. ಆದರೆ ಹಳೆಯ ಸ್ಪ್ರಿಂಗ್ ಬಿಚ್ಚಿದಾಗ ಪಟ್ಟಿಗಳ ನಡುವೆ ತುಕ್ಕು ಪದರ ಪದರವಾಗಿ ಉದುರಿತು. ಅದರ ಮೇಲೆ ಬ್ಲಾಕ್ ಯಾಕೆ, ಅಲ್ವಾ? ಹೊಸದನ್ನೇ ಹಾಕಿದೆ.

ಮೊದಲ ಜೋಡಿ ತಪ್ಪಾಗಿ ಬಂತು. ಅಂಗಡಿಯವರು ಕಳಿಸಿದ್ದು ಜಿಟಿಯ, ಅಂದರೆ ಗಟ್ಟಿ ಛಾವಣಿಯ ಎಂಜಿಬಿಯ, ಸ್ಪ್ರಿಂಗ್. ಜಿಟಿಗೆ ಮೇಲ್ಛಾವಣಿಯ ಭಾರ ಇದೆ, ಹಾಗಾಗಿ ಅದರ ಸ್ಪ್ರಿಂಗ್ ಗಟ್ಟಿ. ನನ್ನ ಹಗುರ ಕಾರು ಇಳಿಯಲೇ ಇಲ್ಲ. ಆರ್ಡರ್ ಕೊಡುವಾಗ ರೋಡ್‌ಸ್ಟರೋ ಜಿಟಿಯೋ, ಯಾವ ವರ್ಷದ್ದು ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ ‘ಎಂಜಿಬಿ ಸ್ಪ್ರಿಂಗ್’ ಅಂದರೆ ಸಾಲದು.

ರಬ್ಬರ್ ಬಂಪರ್ ರೋಡ್‌ಸ್ಟರಿಗೆಂದೇ ಮಾಡಿದ, ಕಡಿಮೆ ಬಾಗಿನ ಜೋಡಿ ತರಿಸಿದೆ. ಬೋಲ್ಟ್‌ಗಳನ್ನು ಸಡಿಲವಾಗಿ ಹಾಕಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಆಮೇಲೆ ಬಿಗಿ ಮಾಡಿದೆ. ಜ್ಯಾಕ್ ಮೇಲಿದ್ದಾಗಲೇ ಬಿಗಿದರೆ ಬುಶ್ (ಸ್ಪ್ರಿಂಗಿನ ತುದಿಯ ರಬ್ಬರ್ ತೋಳು) ತಿರುಚಿಕೊಂಡು ಬೇಗ ಹರಿಯುತ್ತದೆ, ಎತ್ತರವೂ ತಪ್ಪಾಗಿ ಕಾಣುತ್ತದೆ. ಕೆಲವು ನೂರು ಮೈಲಿ ಓಡಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದೆ. ಎರಡೂ ಬದಿ ಸಮ, ಮೊದಲಿಗಿಂತ ಒಂದು ಇಂಚು ಕಡಿಮೆ. ಟೈರ್ ಎಲ್ಲೂ ಉಜ್ಜುತ್ತಿಲ್ಲ. ಮುಂದಿನ ಕಾಯಿಲ್ ಸ್ಪ್ರಿಂಗಿನ ಕೆಲಸ ಇನ್ನೂ ಇದೆ.