ಫ್ಲೆಕ್ಸಿನ ಕೆಳಗಿನ ಸಾಲು

ನಮ್ಮ ಅಭಿಮಾನಿ ಸಂಘದೊಳಕ್ಕೆ ಪಕ್ಷ ರಾಜಕೀಯ ನುಸುಳಲು ನೋಡಿದ್ದು ಫ್ಲೆಕ್ಸಿನ ಕೆಳಗಿನ ಸಾಲಿನಿಂದ. ಚಿತ್ರ ಬಿಡುಗಡೆಯ ಹಿಂದಿನ ದಿನ ಚಿತ್ರಮಂದಿರದ ಮುಂದೆ ಏಳುವ ಆ ದೊಡ್ಡ ಹಾಳೆಯನ್ನು ನೀವು ನೋಡಿರುತ್ತೀರಿ. ಮೇಲೆ ನಾಯಕನಟ, ಕೆಳಗೆ ‘ಶುಭ ಕೋರುವವರು’ ಎಂಬ ಅಕ್ಷರ, ಅದರಡಿ ಸಾಲಾಗಿ ದುಂಡು ದುಂಡು ಮುಖಗಳು. ಬಿಳಿ ಅಂಗಿ, ಕಪ್ಪು ಕನ್ನಡಕ, ಕೆಲವರ ಕಿವಿಯಲ್ಲಿ ಮೊಬೈಲ್. ಫೋಟೋ ತೆಗೆಯುವ ಹೊತ್ತಿಗೂ ಮುಗಿಯದ ಆ ಮಾತು ಯಾರ ಜೊತೆಗೋ, ದೇವರೇ ಬಲ್ಲ.

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ರಾಜ್ ಕುಟುಂಬದ ಅಭಿಮಾನಿಗಳ ಸಂಘವೊಂದಕ್ಕೆ ನಾನು ಬಹಳ ವರ್ಷಗಳಿಂದ ಖಜಾಂಚಿ. ಅಧ್ಯಕ್ಷರು ಬದಲಾಗುತ್ತಾ ಹೋದರು, ಲೆಕ್ಕದ ಪುಸ್ತಕ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಹಾಗಾಗಿ ಯಾರ ದುಡ್ಡು ಯಾವಾಗ ಬಂತು, ಅದರ ಬೆನ್ನಿಗೆ ಯಾವ ಬೇಡಿಕೆ ಬಂತು ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ.

ಒಂದು ಚುನಾವಣಾ ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ರಾತ್ರಿ ಕುಳಿತಿದ್ದೆವು. ಸ್ಥಳೀಯ ಮುಖಂಡರೊಬ್ಬರು ಪೂರ್ತಿ ಖರ್ಚನ್ನು ತಾವೇ ಕೊಡುವುದಾಗಿ ಹೇಳಿ ಕಳುಹಿಸಿದ್ದರು. ಅವರ ಹುಡುಗ ವಾಟ್ಸ್‌ಆ್ಯಪಿನಲ್ಲಿ ಫೋಟೋ ಕಳಿಸಿದ. ಕಂಪ್ಯೂಟರಿನ ಮುಂದಿದ್ದವನು ಅದನ್ನು ಕೆಳಗಿನ ಸಾಲಿಗೆ ಎಳೆದು ಬಿಟ್ಟ. ಫೋನ್ ಬಂತು: ‘ಇನ್ನೂ ಸ್ವಲ್ಪ ದೊಡ್ಡದು.’ ದೊಡ್ಡದಾಯಿತು. ಮತ್ತೆ ಫೋನ್: ‘ಎಡಗಡೆ ಮೇಲೆ.’ ಮೇಲೆ ಹೋಯಿತು. ನಾಯಕನಟನ ಭುಜ ಅರ್ಧ ಮುಚ್ಚಿಹೋಗಿ, ಮುಖಂಡರು ಅವರ ಹೆಗಲ ಮೇಲೆ ಕೂತಂತೆ ಕಾಣತೊಡಗಿತು. ಪಕ್ಷದ ಚಿಹ್ನೆಗೂ ಜಾಗ ಕೇಳಿದಾಗ ನಾನು ಎದ್ದು, ಮುಂಗಡವಾಗಿ ಬಂದಿದ್ದ ಹಣವನ್ನು ಆ ಹುಡುಗನ ಕೈಗೇ ವಾಪಸು ಕೊಟ್ಟೆ. ಫ್ಲೆಕ್ಸನ್ನು ನಮ್ಮ ಜೇಬಿಗೆ ಹೊಂದುವಷ್ಟು ಚಿಕ್ಕದು ಮಾಡಿಸಿದೆವು. ಉಳಿದದ್ದಕ್ಕೆ ಹಳೆಯ ಪದ್ಧತಿಯಂತೆ ಸ್ಟಾರ್ ಕಟ್ಟಿದೆವು: ಬಿದಿರಿನ ದಬ್ಬೆ, ಬಣ್ಣದ ಕಾಗದ, ನಡುವೆ ನಟನ ಚಿತ್ರ, ಒಳಗೊಂದು ಬಲ್ಬು. ಸ್ಟಾರಿನಲ್ಲಿ ಶುಭ ಕೋರುವವರಿಗೆ ಜಾಗವೇ ಇರುವುದಿಲ್ಲ, ಅದೊಂದು ಅನುಕೂಲ.

ಅಂದಿನಿಂದ ನಮ್ಮಲ್ಲಿ ಫ್ಲೆಕ್ಸಿನ ಮೇಲೆ ನಟರ ಹೊರತು ಯಾರ ಮುಖವೂ ಇಲ್ಲ. ಅಧ್ಯಕ್ಷರದೂ ಇಲ್ಲ, ನನ್ನದಂತೂ ಮೊದಲೇ ಬೇಡ. ಯಾರು ಎಷ್ಟು ಕೊಟ್ಟರು ಎಂಬುದನ್ನು ಬಿಡುಗಡೆಯ ಹಿಂದಿನ ಸಂಜೆ ಎಲ್ಲರೆದುರು ಗಟ್ಟಿಯಾಗಿ ಓದುತ್ತೇನೆ. ನೂರು ರೂಪಾಯಿ ಕೊಟ್ಟ ಆಟೊ ಚಾಲಕನ ಹೆಸರೂ ಅದೇ ದನಿಯಲ್ಲಿ. ಗುಟ್ಟಾಗಿ ಕೊಡಲು ಬಂದವರು ಆ ಓದಿಗೆ ಹೆದರಿಯೇ ಹಿಂದೆ ಸರಿದದ್ದುಂಟು. (ಹಾಲಿನ ಅಭಿಷೇಕ ಬೇಕೋ ಬೇಡವೋ ಎಂಬ ಜಗಳ ಬೇರೆಯೇ ಇದೆ. ಹಾಲು ಕರೆದು ಬದುಕುವ ಜಿಲ್ಲೆಯಲ್ಲಿ ಅದನ್ನು ಎತ್ತಿದರೆ ಈ ಬರಹ ಮುಗಿಯುವುದಿಲ್ಲ.)

ಇಷ್ಟು ಹೇಳಿದ ಮೇಲೆ ‘ಸಿನಿಮಾ ಮಾತಿನಲ್ಲಿ ರಾಜಕೀಯ ಬೇಡ’ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಬೆಳಗಿನ ಆಟ ಬಿಟ್ಟ ಮೇಲೆ ಎದುರಿನ ಚಹಾದಂಗಡಿಯಲ್ಲಿ ನಿಂತರೆ ಗೊತ್ತಾಗುತ್ತದೆ. ಮಾತು ಫೈಟಿನಿಂದ ಶುರುವಾಗಿ, ಆ ಸಂಭಾಷಣೆ ಯಾರಿಗೆ ಹೊಡೆದದ್ದು ಎಂಬಲ್ಲಿಗೆ ಬಂದು, ಚಹಾ ಆರುವ ಮೊದಲೇ ಕಬ್ಬಿನ ದರ, ಮೈಷುಗರ್ ಕಾರ್ಖಾನೆ, ನಾಲೆಗೆ ನೀರು ಬಿಡುವ ದಿನಕ್ಕೆ ಮುಟ್ಟುತ್ತದೆ. 1972ರಲ್ಲಿ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಬಂದು ನೇಗಿಲು ಹಿಡಿದವರ ಕಥೆಗಳನ್ನು ಕೇಳಿಕೊಂಡು ಬೆಳೆದವರು ನಾವು. 1982ರಲ್ಲಿ ಗೋಕಾಕ್ ಚಳವಳಿಗೆ ಅಣ್ಣಾವ್ರು ಧುಮುಕಿ ಊರೂರು ಸುತ್ತಿದಾಗ ಜನ ಸಮುದ್ರದಂತೆ ನೆರೆದದ್ದು ಭಾಷೆಗಾಗಿ. ಅದು ರಾಜಕೀಯವಲ್ಲದೆ ಮತ್ತೇನು? ಆದರೆ ಆ ಜನಬೆಂಬಲವನ್ನು ಅವರು ಮತಪೆಟ್ಟಿಗೆಗೆ ಒಯ್ಯಲಿಲ್ಲ, ಯಾವ ಚುನಾವಣೆಗೂ ನಿಲ್ಲಲಿಲ್ಲ. ನಾನು ಗೆರೆ ಎಳೆದದ್ದು ಅಲ್ಲಿಯೇ: ನೀರು, ಭಾಷೆ, ಬೆಳೆಯ ಮಾತು ಎಷ್ಟು ಬೇಕಾದರೂ ಬರಲಿ, ಅಭ್ಯರ್ಥಿಯ ಮಾತು ಸಂಘದ ಹೆಸರಿನಲ್ಲಿ ಬೇಡ.

ಗೆರೆ ಎಳೆಯುವುದು ಸುಲಭ, ಮಂಡ್ಯದಲ್ಲಿ ಕಾಯುವುದು ಕಷ್ಟ. ಇದು ಅಂಬರೀಶ್ ಅವರನ್ನು ಮೂರು ಸಲ ಲೋಕಸಭೆಗೆ ಕಳಿಸಿದ ಕ್ಷೇತ್ರ. ಅವರು ತೀರಿಕೊಂಡ ಮೇಲೆ 2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತರು, ಎದುರಿಗೆ ನಿಖಿಲ್ ಕುಮಾರಸ್ವಾಮಿ. ದರ್ಶನ್ ಮತ್ತು ಯಶ್ ಜೋಡೆತ್ತುಗಳೆಂದು ಕರೆಸಿಕೊಂಡು ಸುಮಲತಾ ಪರ ಊರೂರು ತಿರುಗಿದರು. ಆ ಬೇಸಿಗೆಯಲ್ಲಿ ಯಾವ ನಟನ ಚಿತ್ರ ಇಷ್ಟ ಎಂದು ಹೇಳುವುದೂ ಮತ ಹಾಕಿದಂತೆಯೇ ಆಗಿತ್ತು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಎರಡು ಬಣ ಕಟ್ಟಿದರು. ಜಾತಿಯ ಲೆಕ್ಕವೂ ಒಳಗೊಳಗೇ ನಡೆದಿತ್ತು, ಬಾಯಿಬಿಟ್ಟು ಹೇಳುವವರು ಕಡಿಮೆ. ನಾವು ಮಾಡಿದ್ದಿಷ್ಟು: ಪ್ರಚಾರಕ್ಕೆ ಹೋಗುವವರು ಹೋಗಲಿ, ಸಂಘದ ಶಾಲು ಮನೆಯಲ್ಲಿಟ್ಟು ಹೋಗಲಿ. ಸುಮಲತಾ ಒಂದೂಕಾಲು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಮುಂದಿನ ಬಿಡುಗಡೆಗೆ ಎರಡೂ ಕಡೆಯವರು ಒಂದೇ ಏಣಿ ಹಿಡಿದು ಸ್ಟಾರ್ ಕಟ್ಟಿದರು. ಅದಕ್ಕೆ ಶಾಲಿನ ನಿಯಮವೇ ಕಾರಣವೆಂದು ನಾನು ನಂಬಿದ್ದೇನೆ. ಅಲ್ಲವೆನ್ನುವವರೂ ಇದ್ದಾರೆ.

ನಿಜವಾದ ಪರೀಕ್ಷೆ ನಮ್ಮ ಮನೆಯೊಳಗಿನಿಂದಲೇ ಬಂತು. ಗೀತಾ ಶಿವರಾಜ್‌ಕುಮಾರ್ ಶಿವಮೊಗ್ಗದಲ್ಲಿ 2014ರಲ್ಲಿ ಜೆಡಿಎಸ್‌ನಿಂದ, 2024ರಲ್ಲಿ ಕಾಂಗ್ರೆಸ್‌ನಿಂದ ನಿಂತರು. ‘ಅತ್ತಿಗೆ ನಿಂತಿರುವಾಗ ಶಾಲು ಮನೆಯಲ್ಲಿಡುವುದು ಹೇಗೆ?’ ಎಂದು ಹುಡುಗರು ಕೇಳಿದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಹತ್ತು ವರ್ಷದಲ್ಲಿ ಪಕ್ಷ ಬದಲಾಗಿದೆ, ಶಾಲಿನ ಬಣ್ಣವನ್ನೂ ಬದಲಾಯಿಸಬೇಕೇ ಎಂದು ನಾನು ತಿರುಗಿ ಕೇಳಿದೆ. ಕೆಲವರು ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಹೋದರು. ನಮ್ಮ ಪುಸ್ತಕದಲ್ಲಿ ಆ ಬಸ್ಸಿನ ಚಾರ್ಜು ಇಲ್ಲ.

ಕಾವೇರಿಯ ಜಗಳಗಳಲ್ಲಿ ನನ್ನ ಮಾತು ಅಷ್ಟಾಗಿ ನಡೆಯುವುದಿಲ್ಲ. 2017ರಲ್ಲಿ ‘ಬಾಹುಬಲಿ 2’ ಬಿಡುಗಡೆಗೆ ಮುನ್ನ ತಮಿಳು ನಟ ಸತ್ಯರಾಜ್ ಕಾವೇರಿ ವಿಚಾರದಲ್ಲಿ ಆಡಿದ್ದ ಹಳೆಯ ಮಾತಿಗೆ ವಿಷಾದ ಹೇಳಿದರು, ಚಿತ್ರ ಬಂತು, ಬೈದವರೇ ಮೊದಲ ದಿನ ಟಿಕೆಟ್ಟಿಗೆ ನಿಂತರು. ಮರುವರ್ಷ ರಜನಿಕಾಂತ್ ಅವರ ‘ಕಾಲಾ’ ಚಿತ್ರಮಂದಿರಗಳಿಗೆ ಭದ್ರತೆ ಕೊಡುವಂತೆ ಹೈಕೋರ್ಟೇ ಹೇಳಬೇಕಾಯಿತು. ಚಿತ್ರ ತಡೆಯುವವರಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲ ಎಂಬುದು ನನ್ನ ತಕರಾರು. ಆ ವಾರ ಸೈಕಲ್ ಸ್ಟ್ಯಾಂಡಿನವನಿಗೂ ಕ್ಯಾಂಟೀನಿನವನಿಗೂ ಬರುವ ನಷ್ಟವನ್ನು ಯಾವ ಸಂಘಟನೆಯೂ ತುಂಬಿಕೊಟ್ಟಿಲ್ಲ.

2025ರಲ್ಲಿ ಕಮಲ್ ಹಾಸನ್ ಅವರ ‘ಥಗ್ ಲೈಫ್’ ಚಿತ್ರದ ಪ್ರಕರಣ ನಮ್ಮನ್ನು ಇನ್ನೂ ಇಕ್ಕಟ್ಟಿಗೆ ಸಿಲುಕಿಸಿತು. ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದು ಕಮಲ್ ಚೆನ್ನೈನಲ್ಲಿ ಹೇಳಿದ ಆ ಚಿತ್ರದ ಸಮಾರಂಭದಲ್ಲಿ ನಮ್ಮ ಶಿವಣ್ಣನೂ ಇದ್ದರು. ಕಮಲ್ ಅವರನ್ನು ಬೈಯಲು ಬಂದವರು ಶಿವಣ್ಣನನ್ನೂ ಬೈದರು, ಶಿವಣ್ಣನ ಪರ ನಿಂತವರಿಗೆ ಕನ್ನಡದ್ರೋಹಿಯೆಂಬ ಪಟ್ಟ ಸಿಕ್ಕಿತು. ಗೋಕಾಕ್ ಚಳವಳಿಯ ಹೆಮ್ಮೆ ಹೊತ್ತ ಸಂಘಕ್ಕೆ ಈ ಪಟ್ಟ! ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ಪಕ್ಷದ ವಿಡಿಯೊಗಳು ನುಗ್ಗಿದವು. ಗಟ್ಟಿಯಾಗಿ ಓದುವ ಲೆಕ್ಕದ ಪುಸ್ತಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇರೆಡೆಯಿಂದ ಬಂದದ್ದನ್ನು ಹಾಗೆಯೇ ದಾಟಿಸುವಂತಿಲ್ಲ, ಹೇಳುವುದಿದ್ದರೆ ಸ್ವಂತ ದನಿಯಲ್ಲಿ ಮಾತನಾಡಿ ಕಳಿಸಬೇಕು ಎಂದು ಕಟ್ಟಳೆ ಮಾಡಿದೆವು. ಗದ್ದಲ ಅರ್ಧಕ್ಕೆ ಇಳಿಯಿತು. ಉಳಿದರ್ಧದಲ್ಲಿ ಒಳ್ಳೆಯ ವಾದಗಳಿದ್ದವು.

ಪ್ರಮಾಣಪತ್ರ ಪಡೆದ ಚಿತ್ರವನ್ನು ಬೆದರಿಕೆಯಿಂದ ತಡೆಯಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಸರಿ ಎಂಬುದು ನನ್ನ ನಿಲುವು. ಕಮಲ್ ಕ್ಷಮೆ ಕೇಳುವವರೆಗೆ ಚಿತ್ರ ಬೇಡ ಎಂದ ಚಲನಚಿತ್ರ ವಾಣಿಜ್ಯ ಮಂಡಳಿಯದು ಸರಿ ಎಂಬುದು ಈಗಿನ ಅಧ್ಯಕ್ಷರ ನಿಲುವು. ಅವರು ಮೊನ್ನೆಯೂ ನಾಲ್ಕು ನಿಮಿಷದ ಧ್ವನಿಸಂದೇಶ ಕಳಿಸಿದ್ದಾರೆ. ಉತ್ತರ ಇನ್ನೂ ಕಳಿಸಬೇಕು.