ಬೇಲಿಯ ಕೆಂಪು ಹಣ್ಣು ಯಾವುದು ಅಂತ ಪತ್ತೆ ಹಚ್ಚಿದ್ದು

ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ಒಂದು ಹಳೇ ಮನೆಯ ಬೇಲಿ ತುಂಬ ಕೆಂಪು ಹಣ್ಣು ಬಿಟ್ಟಿತ್ತು. ಗೋಲಿಗಿಂತ ಸ್ವಲ್ಪ ದೊಡ್ಡದು. ಮೈಮೇಲೆ ಉದ್ದುದ್ದಕ್ಕೆ ಎಂಟು ಏಣು, ಥೇಟ್ ಪುಟ್ಟ ಕುಂಬಳಕಾಯಿ. "ಅದು ಕೆಂಪು ರಾಜನೆಲ್ಲಿ ಕಣಪ್ಪ, ಸುಮ್ನೆ ಶೋಗೆ ಹಾಕಿದ್ದು" ಅಂದರು ಮನೆಯ ಅಜ್ಜಿ.

ರಾಜನೆಲ್ಲಿಗೂ ಏಣು ಇರುತ್ತದೆ, ನಿಜ. ಆದರೆ ಅದು ಬಲಿತರೂ ತಿಳಿ ಹಳದಿ, ಕೊಂಬೆಗೆ ಅಂಟಿಕೊಂಡು ಗೊಂಚಲಾಗಿ ಬಿಡುತ್ತದೆ. ಇಲ್ಲಿ ಹಣ್ಣುಗಳು ಸಣ್ಣ ತೊಟ್ಟಿನಲ್ಲಿ ಬಿಡಿಬಿಡಿಯಾಗಿ ನೇತಾಡುತ್ತಿದ್ದವು. ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಬರೀ ಚೆರ್ರಿ ಅಂದಿತು. ಆ ಹೆಸರಿನ ಗಿಡಗಳಿಗೇನು ಕಡಿಮೆಯೇ?

ಹಾಗಾಗಿ ಹಣ್ಣು ಬಿಟ್ಟು ಎಲೆ ಹಿಡಿದೆ. ಎಲೆಗಳು ಎದುರುಬದುರು, ಜೋಡಿಜೋಡಿ. ಹಳೇ ಎಲೆ ಹೊಳೆಯುವ ಹಸಿರು, ಚಿಗುರು ಮಾತ್ರ ತಾಮ್ರದ ಬಣ್ಣ. ಒಂದೆಲೆಯನ್ನು ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕಿಗಳಲ್ಲಿ ಬೆಳಕು ತೂರಿ ಬಂತು. ಅವು ಎಣ್ಣೆಯ ಗ್ರಂಥಿಗಳು. ಹೊಸಕಿದರೆ ರಾಳದಂಥ ಘಾಟು. ಹಣ್ಣಿನ ತುದಿಯಲ್ಲಿ ಪೇರಲೆಗೆ ಇರುವ ಹಾಗೇ ಹೂವಿನ ಪುಷ್ಪಪಾತ್ರೆ, ಅಂದರೆ ಎಸಳುಗಳ ಬುಡದ ಹಸಿರು ಭಾಗ, ಒಣಗಿ ಉಳಿದಿತ್ತು. ಅಲ್ಲಿಗೆ ಇದು ಪೇರಲೆ, ನೇರಳೆಗಳ ಕುಟುಂಬದ್ದು ಅನ್ನಿಸಿತು.

ಹೂವು ಬೇಕಿತ್ತು. ಕತ್ತರಿ ತಾಗದ ಒಳಗಿನ ರೆಂಬೆಯಲ್ಲಿ ಸಿಕ್ಕಿತು. ನಾಲ್ಕು ಬಿಳಿ ಎಸಳು, ನಡುವೆ ಕುಚ್ಚಿನಂತೆ ಕೇಸರ. ಇಂಥದ್ದೇ ಕೆಂಪು ಹಣ್ಣು ಬಿಡುವ ಇನ್ನೊಂದು ಗಿಡ ವೆಸ್ಟ್ ಇಂಡಿಯನ್ ಚೆರ್ರಿಯಾಗಿದ್ದರೆ ಹೂ ಗುಲಾಬಿ, ಅಂಚು ಸುಕ್ಕುಸುಕ್ಕಾದ ಐದು ಎಸಳು ಇರಬೇಕಿತ್ತು. ಅದರ ಹಣ್ಣಿನಲ್ಲಿ ಮೂರು ಬೀಜ ಇರುತ್ತವೆ. ನಾನು ಕೊಯ್ದ ಹಣ್ಣಿನಲ್ಲಿ ಒಂದೇ ಗುಂಡು ಬೀಜ. ಸುರಿನಾಮ್ ಚೆರ್ರಿ ಅಂತ ಖಾತ್ರಿಯಾಯಿತು. ಸಸ್ಯಶಾಸ್ತ್ರದಲ್ಲಿ ಯುಜೀನಿಯಾ ಯುನಿಫ್ಲೋರಾ. ಮೂಲ ದಕ್ಷಿಣ ಅಮೆರಿಕದ ಬ್ರೆಜಿಲ್ ಕಡೆ.

ಇಷ್ಟು ಖಾತ್ರಿಯಾದ ಮೇಲೇ ಬಾಯಿಗಿಟ್ಟದ್ದು. ನಮ್ಮೂರಲ್ಲಿ ಡುರಾಂಟಾ ಬೇಲಿಗಳೂ ಜಾಸ್ತಿ ಅಲ್ವಾ? ಅದರ ಹಳದಿ ಮಣಿಯಂಥ ಕಾಯಿ ವಿಷ. ಮಕ್ಕಳ ಮುಂದೆ ಬೇಲಿ ಹಣ್ಣು ಕಿತ್ತು ತಿನ್ನುವ ಮುನ್ನ ಯೋಚಿಸಬೇಕು.

ರುಚಿ? ಕಿತ್ತಳೆ ಬಣ್ಣದಲ್ಲಿದ್ದಾಗ ತಿಂದರೆ ಬಾಯೆಲ್ಲ ರಾಳ. ಕಡುಗೆಂಪಿಗೆ ತಿರುಗಿ, ಮುಟ್ಟಿದರೆ ಸಾಕು ಕೈಗೆ ಉದುರುವಂತಿದ್ದರೆ ಹುಳಿಸಿಹಿ ಚೆನ್ನಾಗಿರುತ್ತದೆ. ಆಗಲೂ ಆ ಘಾಟು ಪೂರ್ತಿ ಹೋಗುವುದಿಲ್ಲ. ನನಗೆ ಅದೇ ಇಷ್ಟ, ಮನೆಯವರು ಮಾತ್ರ ಉಗುಳಿದರು. ಬೀಜ ತಿನ್ನಬಾರದು. ಇನ್ನು ಬೇಲಿಯನ್ನು ಪದೇಪದೇ ಕತ್ತರಿಸುತ್ತಿದ್ದರೆ ಹಣ್ಣು ಕಡಿಮೆ. ಹಣ್ಣು ಬೇಕೆಂದರೆ ಒಂದು ಮೂಲೆಯ ಗಿಡವನ್ನಾದರೂ ಅದರ ಪಾಡಿಗೆ ಬೆಳೆಯಲು ಬಿಡಿ.